ಮಡಚುವ ಮಾಡಿನ ಹಳೆಯ ಕಾರು

ಗುಂಡಿಯೊತ್ತಿದೊಡನೆ ಲೋಹದ ಮಾಡೇ ಮಡಚಿ ಡಿಕ್ಕಿಯೊಳಗೆ ಸೇರುವ ಕಾರನ್ನು ಹೈದರಾಬಾದಿನ ಹಳೆಯ ವಾಹನಗಳ ಪೇಟೆಯಿಂದ ತರುವ ಹಂಬಲ ನಮ್ಮ ತರುಣರಿಗೆ ಹುಟ್ಟಿದರೆ ಅಚ್ಚರಿಯಿಲ್ಲ. ಈ ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ಪ್ಯೂಜೊ ಕಂಪನಿ ೧೯೩೦ರ ದಶಕದಲ್ಲಿಯೇ ಇಂಥ ಕಾರನ್ನು ಮಾರಿತ್ತು. ೧೯೯೬ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ ಅದಕ್ಕೆ ಮರುಜೀವ ಬಂದಿತು. ಮಾಡು ಮುಚ್ಚಿದಾಗ ಬಟ್ಟೆಯ ಹೊದಿಕೆಯ ಕಾರಿಗಿಂತ ಗಾಳಿಯ ಸದ್ದು ಕಡಿಮೆ, ಒಳಗಿನ ತಂಪೂ ನಿಲ್ಲುತ್ತದೆ. ಇದರ ಸುಖವನ್ನು ನಾವು ಅಲ್ಲಗಳೆಯೆವು.

ಆದರೆ ಮೇ ತಿಂಗಳಲ್ಲಿ ೪೦ ಡಿಗ್ರಿ ದಾಟುವ ರಾಯಚೂರಿನಲ್ಲಿ ಮಾಡು ತೆರೆಯುವುದು ಯಾವಾಗ? ಚಳಿಗಾಲದ ಕೆಲವು ಸಂಜೆಗಳಲ್ಲಿ ಮಾತ್ರ. ದೇವದುರ್ಗ, ಮಾನ್ವಿಯ ಎರೆಮಣ್ಣಿನ ಧೂಳು ಕೀಲುಗಳಲ್ಲಿ ಕೂರುತ್ತದೆ; ಬಿಸಿಲಿಗೆ ರಬ್ಬರು ಪಟ್ಟಿ ಸೆಟೆದರೆ ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದೆ. ಮಾಡನ್ನು ಎತ್ತುವುದು ಎಣ್ಣೆಯ ಒತ್ತಡದ ಪಂಪು. ಅದು ಕೆಟ್ಟರೆ ಬಲ್ಲ ಮೇಸ್ತ್ರಿಯನ್ನು ಅರಸಿ ಮತ್ತೆ ಹೈದರಾಬಾದಿಗೇ ಹೋಗಬೇಕಾದೀತು.

ಆದುದರಿಂದ ಎಂಜಿನು ಚಾಲೂ ಇರಿಸಿ ಮಾಡನ್ನು ಮೂರು ನಾಲ್ಕು ಬಾರಿ ತೆರೆದು ಮುಚ್ಚಿಸಿರಿ. ಡಿಕ್ಕಿಯ ಹಾಸನ್ನೆತ್ತಿ ಎಣ್ಣೆಯ ಕಲೆ, ತೇವದ ವಾಸನೆ ನೋಡಿರಿ. ಸಂದುಗಳ ಮೇಲೆ ಒಂದು ಕೊಡ ನೀರು ಸುರಿಸಲು ಸಂಕೋಚ ಬೇಡ. ಮಾಡು ಮಡಚಿದಾಗ ಡಿಕ್ಕಿಯಲ್ಲಿ ಉಳಿಯುವ ಜಾಗ ತೀರ ಕಡಿಮೆ. ಎಸ್‌ಎಲ್‌ಕೆ, ಬಿಎಂಡಬ್ಲ್ಯೂ ಝಡ್೪ ಕಾರುಗಳಲ್ಲಿ ಆಸನಗಳು ಎರಡೇ. ಜಾತ್ರೆಗೆ ಹೊರಟಾಗ ಅಜ್ಜಿ ಎಲ್ಲಿ ಕೂಡಬೇಕು?

ಮನೆಗಿರುವ ಒಂದೇ ಕಾರು ಇದಾಗುವುದಾದರೆ, ಹತ್ತಿ ಮಾರಿದ ಹಣವನ್ನು ಇದಕ್ಕೆ ಸುರಿಯಬೇಡಿರಿ ಎಂಬುದೇ ನಮ್ಮ ಅಭಿಪ್ರಾಯ. ಎರಡನೆಯ ಕಾರಾಗಿ ತರುವವರು ತೆಲಂಗಾಣದ ನಿರಾಕ್ಷೇಪಣಾ ಪತ್ರ ಹಾಗೂ ಸಾಲ ತೀರಿದ ದಾಖಲೆ ಕೈಸೇರಿದ ಮೇಲೆಯೇ ಪೂರ್ತಿ ಹಣ ಕೊಡಲಿ. ಇಲ್ಲಿ ೧೨ ತಿಂಗಳಿಗಿಂತ ಹೆಚ್ಚು ಇರಿಸಿದರೆ ಕರ್ನಾಟಕದ ನೋಂದಣಿ ಕಡ್ಡಾಯ. ಆ ತೆರಿಗೆಯ ಮೊತ್ತವನ್ನು ಆರ್‌ಟಿಒ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ, ಬೆಲೆಯೊಡನೆ ಕೂಡಿಸಿಯೇ ಚೌಕಾಸಿಗೆ ಕೂಡಬೇಕು.