ಗೃಹಸ್ಥರ ಪುಟ: ಹೊಸ ಮೂರು ಗಾಲಿಯ ಬಂಡಿ

ಮನೆಗೆ ಹೊಸ ಎತ್ತು ಬಂದರೆ ಅದು ನೊಗಕ್ಕೆ ಹೊಂದಿಕೊಳ್ಳುವವರೆಗೆ ನಮ್ಮ ಒಕ್ಕಲಿಗನು ಅದರ ಮೇಲೆ ಪೂರ್ಣಭಾರವನ್ನು ಹಾಕುವದಿಲ್ಲ. ಹೊಸ ಚಕ್ಕಡಿಯನ್ನು ಮಾಡಿಸಿದರೆ ಮೊದಲ ಕೆಲವು ದಿನ ಕೀಲೆಣ್ಣೆಯನ್ನು ಮತ್ತೆ ಮತ್ತೆ ಎರೆದು, ಗಾಲಿಯ ಕಬ್ಬಿಣದ ಪಟ್ಟಿಯು ಸಡಿಲಾಗಿದೆಯೋ ಎಂದು ಬಡಿದು ನೋಡುತ್ತಾನೆ. ರಬಕವಿ-ಬನಹಟ್ಟಿಯ ನೇಕಾರನು ಮಗ್ಗಕ್ಕೆ ಹೊಸ ಹಾಸನ್ನು ಏರಿಸಿದ ದಿನ ನಾಲ್ಕು ಎಳೆಗಳು ಕಡಿದುವೆಂದು ಮಗ್ಗವನ್ನೇ ಮಾರಲು ಹೊರಡುವದಿಲ್ಲ. ಇಷ್ಟು ತಿಳಿವಳಿಕೆಯುಳ್ಳ ಜನರೇ ಯಂತ್ರದ ಬಂಡಿಯ ವಿಷಯದಲ್ಲಿ ಮಾತ್ರ ಬೇರೆ ರೀತಿಯಿಂದ ನಡೆಯುವದು ಆಶ್ಚರ್ಯಕರವಾಗಿದೆ. ಬಂಡಿಗೆ ಹಾರ ಹಾಕಿ, ತೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣನ್ನಿಟ್ಟು ಹೊರಟ ಮರುದಿವಸವೇ ಅದರ ಮೇಲೆ ಹೊರಲಾರದಷ್ಟು ಹೇರು ಬೀಳುವದು. ಹದಿನೈದು ದಿನಗಳೊಳಗೆ ಅದು ಎಲ್ಲಿಯಾದರೂ ನಿಂತಿತೆಂದರೆ ಕೆಲವರು ಮುಹೂರ್ತವನ್ನು ಹಳಿಯುವರು, ಕೆಲವರು ಕಂಪನಿಯನ್ನು ಹಳಿಯುವರು; ಇನ್ನು ಕೆಲವರು ಮನೆಯೊಳಗಿನವರನ್ನೇ ಹಳಿಯುವರು. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದರ ವಿಚಾರವನ್ನು ಮುಂದೆ ಹೇಳುವೆನು.

ಜಮಖಂಡಿ, ಮುಧೋಳ, ಬೀಳಗಿ ಪ್ರಾಂತಗಳಲ್ಲಿ ಈ ಬಂಡಿಗೆ ಟಂಟಂ ಎಂದು ಹೆಸರು. ಆಪೆ ಎನ್ನುವವರೂ ಉಂಟು. ನೂಲಿನ ಚೀಲ, ಸೀರೆಯ ಗಂಟು, ಬೆಲ್ಲದ ಪೆಂಟೆ, ಸಂತೆಗೆ ಹೊರಟ ಹೆಂಗಸರು, ಶಾಲೆಯ ಮಕ್ಕಳು ಎಲ್ಲರನ್ನೂ ಇದು ಹೊರುವದು. ಆಲಮಟ್ಟಿಯ ಹಿನ್ನೀರಿನಿಂದ ಊರು ಬಿಟ್ಟು ಬಂದು ಬೀಳಗಿಯ ಕಡೆಯ ಪುನರ್ವಸತಿ ಗ್ರಾಮಗಳಲ್ಲಿ ನೆಲೆಸಿದವರಿಗೂ ಪೇಟೆಯ ದಾರಿಯಲ್ಲಿ ಇದೇ ಜೊತೆಗಾರ. ಇಂಥದೊಂದು ಬಂಡಿಯನ್ನು ಕೊಳ್ಳುವವನು ಬಹುಮಟ್ಟಿಗೆ ಸಾಲಗಾರನು; ಬಂಡಿಯು ನಿಂತ ದಿನವೂ ಕಂತು ನಿಲ್ಲುವದಿಲ್ಲ. ಆದುದರಿಂದ ಅದರ ಮೊದಲ ಮೂರು ತಿಂಗಳ ಆರೋಗ್ಯವು ಗೃಹಕೃತ್ಯದ ವಿಷಯವೇ ಹೊರತು ಗ್ಯಾರೇಜಿನವರ ವಿಷಯ ಮಾತ್ರವಲ್ಲ.

ಇದರ ಕುಲವನ್ನು ವಿಚಾರಿಸಿದರೆ ಇದು ನಮ್ಮ ಫಟಫಟಿಯ ಸಮೀಪದ ಬಂಧುವೇ ಆಗಿದೆ. ಕಾರಿನ ಚಕ್ರದ ಬದಲು ಮೋಟಾರಸೈಕಲ್ಲಿನ ಹ್ಯಾಂಡಲ್ಲನ್ನು ಹಿಡಿದೇ ಇದನ್ನು ನಡೆಯಿಸುವದು. ಇಟಲಿಯ ಪಿಯಾಜೊ ಕಂಪನಿಯವರು 1946ರಲ್ಲಿ ವೆಸ್ಪಾ ಎಂಬ ಸ್ಕೂಟರನ್ನು ಹೊರತಂದರು. ಆ ಭಾಷೆಯಲ್ಲಿ ಅದಕ್ಕೆ ಕಣಜವೆಂದು ಅರ್ಥ. ಅದರ ಶಿಲ್ಪಿಯಾದ ಕೊರಾದಿನೊ ದಾಸ್ಕಾನಿಯೊ ಎಂಬವರು ಮೊದಲು ವಿಮಾನಶಾಸ್ತ್ರದವರು. 1948ರಲ್ಲಿ ಅದೇ ಸ್ಕೂಟರಿನ ಹಿಂಭಾಗಕ್ಕೆ ಎರಡು ಗಾಲಿ ಮತ್ತು ಹೇರಿನ ಪೆಟ್ಟಿಗೆಯನ್ನು ಜೋಡಿಸಿ ‘ಆಪೆ’, ಎಂದರೆ ಜೇನುನೊಣ, ಎಂದು ಹೆಸರಿಟ್ಟರು. ಜಮಖಂಡಿ ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದೂ ಅದೇ ವರ್ಷ. ಅರಸರ ಮೆರವಣಿಗೆಯ ದಾರಿಯಲ್ಲಿ ಈಗ ಈ ನೊಣವು ಗುಂಯ್‌ಗುಟ್ಟುತ್ತಿದೆ.

ಆದರೆ ಮೂರು ಗಾಲಿಯ ಬಂಡಿ ಇದಕ್ಕಿಂತ ಬಹಳ ಹಳೆಯದು. ಲೋಕದ ಮೊದಲ ಮೋಟಾರು ಬಂಡಿಯೆಂದು ಹೆಸರಾದದ್ದೇ ಮೂರು ಗಾಲಿಯದು. ಜರ್ಮನಿಯ ಕಾರ್ಲ್ ಬೆಂಝ್ ಎಂಬವರು ಅದಕ್ಕೆ 1886ರ ಜನವರಿಯಲ್ಲಿ ಸರಕಾರದ ಹಕ್ಕುಪತ್ರವನ್ನು ಪಡೆದರು. ಬಂಡಿಯೇನೋ ಆಯಿತು, ಅದರಲ್ಲಿ ಕುಳಿತು ದೂರ ಹೋಗುವ ಧೈರ್ಯವು ಯಾರಿಗೂ ಇರಲಿಲ್ಲ. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬೆರ್ಥಾ ಬೆಂಝರು ಗಂಡನಿಗೆ ತಿಳಿಸದೆ, ಹದಿನೈದು ಮತ್ತು ಹದಿಮೂರು ವರ್ಷದ ತಮ್ಮ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮಾನ್‌ಹೈಮಿನಿಂದ ತವರೂರಾದ ಫೋರ್ಝ್‌ಹೈಮಿಗೆ ಆ ಬಂಡಿಯಲ್ಲಿ ಹೊರಟರು. ದಾರಿಯು 100 ಕಿಲೋಮೀಟರಿಗೂ ಮಿಕ್ಕಿದ್ದು. ತವರಿಗೆ ಹೋಗುವ ಹೆಂಗಸನ್ನು ತಡೆಯಬಲ್ಲ ಯಂತ್ರವು ಎಲ್ಲಿದೆ!

ಆ ಪ್ರಯಾಣದಲ್ಲಿ ಬಂಡಿಯು ಎಷ್ಟು ಸಲ ಕೆಟ್ಟಿತೆಂಬುದನ್ನು ವಾಚಕರು ಗಮನಿಸಬೇಕು. ಇಂಧನದ ಕೊಳವೆಯು ಕಟ್ಟಿಕೊಂಡಿತು. ಆಕೆಯು ತನ್ನ ಟೊಪ್ಪಿಗೆಯ ಸೂಜಿಯಿಂದ ಅದನ್ನು ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆಯು ಸವೆದುಹೋಯಿತು. ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳು. ಸರಪಳಿಯು ಜೋತುಬಿದ್ದಿತು; ಕಮ್ಮಾರನ ಸಾಲೆಯ ಮುಂದೆ ನಿಲ್ಲಿಸಿದಳು. ಬ್ರೇಕಿನ ಕಟ್ಟಿಗೆಯು ಸವೆಯಿತು. ಚಮ್ಮಾರನಿಂದ ಅದಕ್ಕೆ ತೊಗಲನ್ನು ಹೊಡೆಯಿಸಿದಳು. ಇಂಧನವು ತೀರಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಏರಿನಲ್ಲಿ ಮಕ್ಕಳು ಇಳಿದು ನೂಕಿದರು. ಸಂಜೆ ಊರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ತಿರುಗಿ ಬಂದ ಮೇಲೆ, ಏರನ್ನು ಹತ್ತಲು ಇನ್ನೊಂದು ಗೇರು ಬೇಕೆಂದು ಆಕೆ ಹೇಳಿದ ಮಾತನ್ನು ಬೆಂಝರು ನಡೆಯಿಸಿದರು. ಕೊಳವೆ, ತಂತಿ, ಸರಪಳಿ, ಬ್ರೇಕು: ಇಂದು ನಮ್ಮ ಟಂಟಂ ಬಂಡಿಗಳು ಮೊದಲ ತಿಂಗಳುಗಳಲ್ಲಿ ನಿಲ್ಲುವದು ಹೆಚ್ಚು ಕಡಿಮೆ ಇಂಥವುಗಳಿಂದಲೇ.

ಈಗ ಕಾರಣಗಳನ್ನು ನೋಡೋಣ. ಹೊಸ ಬಂಡಿಯಲ್ಲಿ ಎಲ್ಲಕ್ಕಿಂತ ಮೊದಲು ಸಡಿಲಾಗುವವು ಕ್ಲಚ್ಚಿನ ಮತ್ತು ಗೇರಿನ ತಂತಿಗಳು. ಹಲವು ಎಳೆಗಳನ್ನು ಹೊಸೆದು ಮಾಡಿದ ತಂತಿಯು ಪದೇಪದೇ ಎಳೆದಾಗ ತುಸು ಉದ್ದವಾಗುವದು, ಅದರ ಹೊರಚೀಲವೂ ತನ್ನ ಸ್ಥಾನದಲ್ಲಿ ಕೂಡ್ರುವದು. ಆಗ ಹಿಡಿಯನ್ನು ಪೂರ್ಣ ಎಳೆದರೂ ಕ್ಲಚ್ಚು ಪೂರ್ಣ ಬಿಡುವದಿಲ್ಲ. ಗೇರು ಕರಕರ ಎಂದು ಹಲ್ಲು ಕಡಿಯುವದು. ತಂತಿಯ ತುದಿಯಲ್ಲಿರುವ ನಟ್ಟನ್ನು ತಿರುವಿದರೆ ಸರಿಹೋಗುವಂಥದು ಇದು. ಅತಿಯಾಗಿ ಬಿಗಿದರೆ ಕ್ಲಚ್ಚು ಜಾರಿ, ಎಂಜಿನ್ನು ಕೂಗಿದರೂ ಬಂಡಿಯು ಏರನ್ನು ಹತ್ತದು. ಎರಡರ ನಡುವೆ ಹಿಡಿಯಲ್ಲಿ ತುಸು ಸಡಿಲು ಉಳಿಯತಕ್ಕದ್ದು.

ಎಂಜಿನ್ನಿನೊಳಗೆ ಪಿಸ್ಟನ್ನಿನ ಬಳೆಗಳೂ ಸಿಲಿಂಡರಿನ ಗೋಡೆಯೂ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕಾಗಿರುವದು. ಆ ಉಜ್ಜುವಿಕೆಯಿಂದ ಉದುರಿದ ಲೋಹದ ನುಣ್ಣನೆಯ ಪುಡಿಯು ಎಣ್ಣೆಯಲ್ಲಿ ಕೂಡುವದು. ಮೊದಲ ಸಲ ಎಣ್ಣೆಯನ್ನು ಬೇಗನೆ ಬದಲಿಸಬೇಕೆಂದು ಕಂಪನಿಯ ಪುಸ್ತಕದಲ್ಲಿ ಬರೆದಿರುವದು ಇದಕ್ಕಾಗಿಯೇ. ‘ಎಣ್ಣೆ ಇನ್ನೂ ಹೊಸದೇ ಇದೆ’ ಎಂದು ಆ ನಾಲ್ಕು ಕಾಸನ್ನು ಉಳಿಸುವವನು ಮುಂದೆ ದೊಡ್ಡ ಗಂಟನ್ನೇ ಕಳೆದುಕೊಳ್ಳುವನು. ಒಂದೇ ಸಿಲಿಂಡರಿನ ಎಂಜಿನ್ನು ಮೈಯೆಲ್ಲ ನಡುಗುವದರಿಂದ ನಟ್ಟುಗಳೂ ಬ್ಯಾಟರಿಯ ತುದಿಗಳೂ ಸಡಿಲಾಗುವವು. ಗಾಲಿಯ ನಟ್ಟುಗಳನ್ನಂತೂ ಮೊದಲ ಹೇರಿನ ಮರುದಿನವೇ ಬಿಗಿಯಾಗಿವೆಯೋ ನೋಡತಕ್ಕದ್ದು. ಡೀಸೆಲ್ಲಿನ ಟಾಕಿಯು ಬರಿದಾಗುವವರೆಗೆ ಓಡಿಸಿದರೆ ಕೊಳವೆಯಲ್ಲಿ ಗಾಳಿ ಸೇರಿ, ಬಳಿಕ ಟಾಕಿ ತುಂಬಿದರೂ ಬಂಡಿಯು ಹೊರಡದು. ಆ ಗಾಳಿಯನ್ನು ಹೊರಗೆ ಬಿಡಿಸಬೇಕು. ನಮ್ಮ ಎರೆಯ ಸೀಮೆಯ ಧೂಳು, ಮಗ್ಗದ ಓಣಿಯ ಅರಳೆಯ ನವಿರು ಇವು ಗಾಳಿಯ ಸೋಸಣಿಗೆಯನ್ನು ಬೇಗನೆ ತುಂಬುವವೆಂಬುದನ್ನು ಬೇರೆ ಊರಿನಲ್ಲಿ ಅಚ್ಚಾದ ಪುಸ್ತಕವು ಹೇಳಲಾರದು.

ಹೇರಿನ ಸ್ಥಳವೂ ಮುಖ್ಯ. ಮೂರು ಗಾಲಿಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಗೆರೆಯಿಂದ ಕೂಡಿಸಿದರೆ ಒಂದು ತ್ರಿಕೋಣವಾಗುವದು. ಭಾರದ ನಡುವು ಆ ತ್ರಿಕೋಣದೊಳಗೆ ಇರುವವರೆಗೆ ಮಾತ್ರ ಬಂಡಿಯು ನೆಟ್ಟಗೆ ನಿಲ್ಲುವದು. ಹಿಂದಿನ ಗಾಲಿಗಳ ಆಚೆಗೆ ಗಂಟುಗಳನ್ನು ಒಟ್ಟಿದರೆ ಮುಂದಿನ ಗಾಲಿಯು ಹಗುರಾಗಿ ಹ್ಯಾಂಡಲ್ಲು ಮಾತು ಕೇಳದು. ಅದನ್ನು ಬಂಡಿಯ ದೋಷವೆಂದು ತಿಳಿದು ಗ್ಯಾರೇಜಿಗೆ ಅಲೆಯುವವರನ್ನು ನಾನು ಕಂಡಿದ್ದೇನೆ. ಎತ್ತರವಾಗಿ ಒಟ್ಟಿಕೊಂಡು ತಿರುವಿನಲ್ಲಿ ವೇಗದಿಂದ ಹೊರಳುವವರ ವಿಷಯವನ್ನು ಹೇಳತಕ್ಕದ್ದೇ ಇಲ್ಲ.

ಇನ್ನು ಮನೆಯೊಳಗಿನ ಮಾತು. ಬನಹಟ್ಟಿಯ ನಮ್ಮ ಪರಿಚಯದ ಒಂದು ನೇಕಾರರ ಮನೆಯಲ್ಲಿ ಅಣ್ಣನು ಮಗ್ಗ ನೋಡಿಕೊಂಡಿರುವನು. ತಮ್ಮನು ಸೀರೆಯ ಗಂಟುಗಳನ್ನು ಒಯ್ಯಲು ಸಾಲಮಾಡಿ ಬಂಡಿಯನ್ನು ಕೊಂಡನು. ಮುಂಗಡದ ಹಣಕ್ಕಾಗಿ ಆತನ ಹೊಸ ಹೆಂಡತಿಯ ತವರಿನ ಬಳೆಗಳು ಒತ್ತೆ ಬಿದ್ದವು. ಮೂರನೆಯ ವಾರ ಮಹಾಲಿಂಗಪುರವನ್ನು ದಾಟಿ ಮುಧೋಳದ ದಾರಿಯಲ್ಲಿ ಗೇರು ಬೀಳದೆ ಬಂಡಿಯು ನಿಂತಿತು. ಗಂಟುಗಳು ಹೊತ್ತಿಗೆ ಮುಟ್ಟಲಿಲ್ಲ, ವ್ಯಾಪಾರಿಯು ಬೇರೆಯವರಿಂದ ಮಾಲು ಕೊಂಡನು. ಮನೆಗೆ ಬಂದರೆ ಅತ್ತೆಯವರು, ‘ಈಕಿ ಕಾಲಗುಣಾನ ಹಿಂಗೈತಿ’ ಎಂದುಬಿಟ್ಟರು. ಆ ಹುಡುಗಿಯು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ತಮ್ಮನು ಬಂಡಿಯನ್ನು ಸಿಕ್ಕ ಬೆಲೆಗೆ ಮಾರುವ ಮಾತಾಡತೊಡಗಿದನು. ಹಾಗೆ ಮಾಡಿದ್ದರೆ ಬಂಡಿಯೂ ಹೋಗಿ ಬಳೆಗಳೂ ಹೋಗಿ ಸಾಲವೊಂದೇ ಉಳಿಯುತ್ತಿದ್ದಿತು.

ಮೂರನೆಯ ದಿನ ವಯಸ್ಸಾದ ಮಿಸ್ತ್ರಿಯೊಬ್ಬನು ಬಂದು ಕ್ಲಚ್ಚಿನ ತಂತಿಯ ನಟ್ಟನ್ನು ಎರಡು ಸುತ್ತು ತಿರುವಿ, ‘ಇದರಾಗ ಯಾರ ಕಾಲಗುಣಾನೂ ಇಲ್ಲ ಯವ್ವಾ, ತಂತಿ ಜೋತಿತ್ತು ಅಷ್ಟ’ ಎಂದನು. ಅತ್ತೆಯವರು ಏನೂ ಅನ್ನಲಿಲ್ಲ. ಒಳಗೆ ಹೋಗಿ ಆತನಿಗೆ ಚಹಾ ತರಲು ಸೊಸೆಗೆ ಹೇಳಿದರು. ಸೊಸೆಯು ಚಹಾ ತಂದವಳು, ‘ಕಾಕಾ, ಆ ನಟ್ಟು ಯಾವುದು ತೋರಸ್ರಿ’ ಎಂದು ಕೇಳಿದಳಂತೆ. ಈಗ ಬಂಡಿಯ ವಹಿಯು ಅವಳ ಕೈಯಲ್ಲಿದೆ: ಎಷ್ಟು ಕಿಲೋಮೀಟರು ಓಡಿತು, ಎಣ್ಣೆಯನ್ನು ಎಂದು ಬದಲಿಸಿದರು, ಏನು ಕೆಟ್ಟಿತು, ಯಾರು ರಿಪೇರಿ ಮಾಡಿದರು ಎಂದು ತಾರೀಖಿನೊಡನೆ ಬರೆದಿಡುತ್ತಾಳೆ.

ಇಂಥ ವಹಿಯಿಂದ ಮತ್ತೊಂದು ಪ್ರಯೋಜನವೂ ಉಂಟು. ತಂತಿ ಜೋಲುವದು, ನಟ್ಟು ಸಡಿಲಾಗುವದು ಹೊಸತನದ ಲಕ್ಷಣಗಳು. ಆದರೆ ಅದೇ ಭಾಗವು ಸರಿಪಡಿಸಿದ ಮೇಲೂ ಮೂರು ನಾಲ್ಕು ಸಲ ಕೆಟ್ಟರೆ, ಎಂಜಿನ್ನು ಎಣ್ಣೆಯನ್ನು ಕುಡಿಯತೊಡಗಿದರೆ, ಗೇರಿನ ಪೆಟ್ಟಿಗೆಯು ಒಡೆದರೆ ಅದು ತಯಾರಿಕೆಯ ದೋಷವಾಗಿರಬಹುದು. ಅಲ್ಲಿ ತಾಳ್ಮೆಯು ಗುಣವಲ್ಲ. ಪ್ರತಿಸಲವೂ ದೂರನ್ನು ಜಾಬ್‌ಕಾರ್ಡಿನಲ್ಲಿ ಬರೆಯಿಸಿ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲವಾದರೂ, ಸ್ವಂತ ದುಡಿಮೆಯಿಂದ ಹೊಟ್ಟೆಹೊರೆಯುವದಕ್ಕಾಗಿಯೇ ಕೊಂಡವನು ಗ್ರಾಹಕನೇ ಆಗುವನು. ತಾನೇ ಟಂಟಂ ಓಡಿಸುವ ತಮ್ಮನಂಥವರು ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ; ಆದರೆ ದೂರಿಗೆ ಕಾರಣವುಂಟಾದ 2 ವರ್ಷಗಳೊಳಗೆ ಕೊಡತಕ್ಕದ್ದು. ಅಲ್ಲಿ ಬಾಯಿಮಾತಿಗಿಂತ ಬರೆದಿಟ್ಟ ಕಾಗದಕ್ಕೆ ತೂಕ ಹೆಚ್ಚು.

ವಿದ್ಯುತ್ತಿನ ಮೂರು ಗಾಲಿಯ ಬಂಡಿಗಳೂ ಈಗ ಬಂದಿವೆ. ಅವುಗಳಿಗೆ ಕ್ಲಚ್ಚಿನ ತಂತಿಯೂ ಇಲ್ಲ, ಎಂಜಿನ್ನಿನ ಎಣ್ಣೆಯೂ ಇಲ್ಲ. ಆದರೆ ಗಾಲಿಯ ನಟ್ಟು, ಬ್ರೇಕು, ಬ್ಯಾಟರಿಯ ತುದಿ ಇದ್ದೇ ಇವೆ. ಹೇರು ಹೆಚ್ಚಾದರೆ ಒಂದು ಸಲದ ಚಾರ್ಜಿಗೆ ಓಡುವ ದೂರವು ಕಡಿಮೆಯಾಗುವದು. ಅವನ್ನು ಕೊಳ್ಳುವವರು ಮೊದಲ ವಾರದಲ್ಲಿಯೇ ಪೂರ್ಣ ಹೇರಿನೊಡನೆ ಒಮ್ಮೆ, ಬರಿದಾಗಿ ಒಮ್ಮೆ ಓಡಿಸಿ, ಎರಡೂ ದೂರಗಳನ್ನು ವಹಿಯ ಮೊದಲ ಪುಟದಲ್ಲಿ ಬರೆದುಕೊಳ್ಳುವದು ಒಳ್ಳೆಯದು.