ಹಾಜರಿ ಪುಸ್ತಕದಲ್ಲಿ ಹೆಸರಿದೆ, ಮಗು ಮನೆಯಲ್ಲಿದೆ

ಶಾಲೆ ಶುರುವಾಗಿ ತಿಂಗಳು ತುಂಬುವ ಹೊತ್ತಿಗೆ ಆಟಿಸಂ ಇರುವ ಮಕ್ಕಳ ತಾಯಂದಿರಿಗೆ ಫೋನ್ ಬರತೊಡಗುತ್ತದೆ. ‘ಇವತ್ತು ತುಂಬಾ ಕಿರುಚಿದ, ಸ್ವಲ್ಪ ಬೇಗ ಬಂದು ಕರ್ಕೊಂಡು ಹೋಗ್ತೀರಾ?’ ಆಮೇಲೆ ದಿನವೂ ಮಧ್ಯಾಹ್ನದವರೆಗೆ ಮಾತ್ರ. ಆಗಸ್ಟ್ 15ಕ್ಕೆ, ‘ಗಲಾಟೆ ಇರುತ್ತೆ, ಕಳಿಸ್ಬೇಡಿ ಮೇಡಂ.’ ದಸರೆ ರಜೆ ಕಳೆದ ಮೇಲೆ ಮಗು ಬರುವುದೇ ಇಲ್ಲ. ಯಾರೂ ಟಿ.ಸಿ. ಕೊಟ್ಟಿಲ್ಲ, ಹೆಸರು ಹಾಗೇ ಇದೆ. ಹಾಗಾಗಿ ಶಾಲೆ ಬಿಟ್ಟವರ ಲೆಕ್ಕಕ್ಕೂ ಆ ಮಗು ಸಿಗುವುದಿಲ್ಲ.

ಎಚ್ಚರವಾಗಬೇಕಾದದ್ದು ಆ ಮೊದಲ ಫೋನಿಗೇ.

ಬಿಸಿಯೂಟದ ಹೊತ್ತನ್ನು ನೋಡಿ. ಗಂಟೆ, ತಟ್ಟೆಗಳ ಸದ್ದು, ಸಾರಿನ ಘಾಟು, ಸಾಲಿನಲ್ಲಿ ಮೈಗೆ ಮೈ ತಾಕುವ ನೂಕಾಟ, ಎಲ್ಲವೂ ಒಮ್ಮೆಗೇ ಮೈಮೇಲೆ ಬಂದಾಗ ಮಗು ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತದೆ. ಅದನ್ನು ನಾವು ಹಠ ಎನ್ನುತ್ತೇವೆ. ‘ಎಲ್ಲರೂ ಪುಸ್ತಕ ತೆಗೀರಿ’ ಎಂದರೆ ಅದು ತನಗೂ ಹೇಳಿದ್ದೆಂದು ಆ ಮಗುವಿಗೆ ಹೊಳೆಯದಿರಬಹುದು. ಹೆಸರು ಹಿಡಿದು ಕರೆದು, ಪುಸ್ತಕ ತೋರಿಸಿದರೆ ತೆಗೆಯುತ್ತದೆ. ಅಷ್ಟು ಸಣ್ಣ ಬದಲಾವಣೆ ಸಾಕಾಗುವ ಕಡೆಯೂ ಬೈಗುಳ ಬೀಳುತ್ತಿದೆ. ಮೇಷ್ಟ್ರು ಬೈದ ಮಗುವನ್ನು ಉಳಿದ ಮಕ್ಕಳು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಗಲಾಟೆ ಮಾಡದೆ ಮೂಲೆಯಲ್ಲಿ ಕೂರುವವರು, ಅದರಲ್ಲೂ ಹೆಣ್ಣುಮಕ್ಕಳು, ಯಾರ ಕಣ್ಣಿಗೂ ಬೀಳುವುದಿಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆ ಅದನ್ನು 21 ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ ವೈಕಲ್ಯವಿರುವವರನ್ನು ಗುರುತಿಸಬೇಕೆಂದೂ ಹೇಳಿತು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆದರೆ ನಮ್ಮಲ್ಲಿ ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಬೇಕು. ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿಯನ್ನು ದೂರಿ ಪ್ರಯೋಜನವಿಲ್ಲ. ಆಕೆಗೆ ತರಬೇತಿಯನ್ನೂ ಕೊಟ್ಟಿಲ್ಲ, ಜೊತೆಗೊಬ್ಬರನ್ನೂ ಕೊಟ್ಟಿಲ್ಲ.

ಶಿಕ್ಷಣ ಇಲಾಖೆ ಈ ವರ್ಷವೇ ಒಂದು ಸುತ್ತೋಲೆ ಹೊರಡಿಸಲಿ. ಮಗುವನ್ನು ಬೇಗ ಮನೆಗೆ ಕಳಿಸಿದರೆ, ಸಮಾರಂಭಕ್ಕೆ ಬರಬೇಡ ಎಂದರೆ, ಅದು ಕಾರಣ ಸಮೇತ ಹಾಜರಿ ಪುಸ್ತಕದಲ್ಲಿ ದಾಖಲಾಗಬೇಕು; ಖಾಸಗಿ ಶಾಲೆಗಳಿಗೂ ಇದು ಅನ್ವಯಿಸಬೇಕು. ಒಂದೇ ಮಗುವಿಗೆ ಮೂರು ಸಲ ಹೀಗಾದರೆ ಬಿಇಒ ಕಚೇರಿಗೆ ವರದಿ ಹೋಗಬೇಕು, ಎರಡು ವಾರದೊಳಗೆ ವಿಶೇಷ ಶಿಕ್ಷಕರು ಬಂದು ಆ ತರಗತಿಯಲ್ಲೇ ಕೂತು ನೋಡಬೇಕು. ದಸರೆಯವರೆಗೆ ಕಾದರೆ ತಡವಾಗುತ್ತದೆ.