ಹೊಗೆಯ ಹಿಂದೆ ಕನ್ನಡವೆಲ್ಲಿ?

ಮುತ್ತಂಗದ ಕಾಡಿನಾಚೆ ಗುಂಡ್ಲುಪೇಟೆ. ಈಚೆ ನಮ್ಮ ಕಲ್ಲೂರು. ಇಲ್ಲಿ ಶಾಲೆಯಲ್ಲಿಯೂ ಮಲೆಯಾಳ, ಪೇಟೆಯಲ್ಲಿಯೂ ಮಲೆಯಾಳ. ಮನೆಯ ಹೊರಗೆ ನಮ್ಮ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಬಹುಮಟ್ಟಿಗೆ ಚಲಚ್ಚಿತ್ರಗಳಿಂದಲೇ. ಆದುದರಿಂದ ಕನ್ನಡ ಚಿತ್ರವೊಂದು ಕೆಟ್ಟರೆ ನಮಗಾಗುವ ನಷ್ಟ ಟಿಕೇಟಿನ ಹಣವಷ್ಟೇ ಅಲ್ಲ.

2018ರಲ್ಲಿ ‘ಕೆ.ಜಿ.ಎಫ್.’ ಗೆದ್ದಿತು, ಸಂತೋಷ. ಆದರೆ 2023ರ ‘ಕಬ್ಜ’ ಮಾಡಿದುದೇನು? ಸ್ವಾತಂತ್ರ್ಯ ಹೋರಾಟಗಾರನ ಮಗ, ವಾಯುಸೇನೆಯ ಅಧಿಕಾರಿ, ಭೂಗತ ಲೋಕದ ದೊರೆಯಾಗುತ್ತಾನೆ. ವಸ್ತು ಬಡವಾದುದಲ್ಲ. ಆದರೂ ಅದೇ ಮಸಿಬಣ್ಣ, ಅದೇ ಬಂದೂಕು, ಅದೇ ಅಬ್ಬರ. ಕೊನೆಗೆ, ಉಳಿದುದನ್ನು ಮುಂದಿನ ಭಾಗದಲ್ಲಿ ನೋಡಿರೆಂಬ ಅಪ್ಪಣೆ! ಆ ಗದ್ದಲದಲ್ಲಿ ತಾಯಿಯ ಅಳಲೂ ಎದೆಗೆ ತಾಗದು.

‘ಹಲವು ಭಾಷೆಗಳ ಮಾರುಕಟ್ಟೆಗೆ ಇದು ಅನಿವಾರ್ಯ’ ಎನ್ನುವರು. ಎಲ್ಲರಿಗೂ ಸಲ್ಲಲೆಂದು ಯಾರದೂ ಅಲ್ಲದ ಮಾತನ್ನಾಡಿಸುವುದು ವ್ಯಾಪಾರವಾದೀತು, ಕಲೆಯಾಗದು. ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರನ್ನಾಗಿಸಿತು, ಅವರ ನುಡಿಯನ್ನೇ ಆಡಿಸಿತು. ದೂರದ ಲೊಕಾರ್ನೊ ಚಿತ್ರೋತ್ಸವ 2015ರಲ್ಲಿ ಅದಕ್ಕೆ ಬಹುಮಾನವನ್ನೀಯಲಿಲ್ಲವೆ? ಊರ ಮಾತು ಲೋಕಕ್ಕೆ ತಿಳಿಯದೆಂಬ ವಾದ ಅಲ್ಲಿಗೇ ಮುಗಿಯಿತು.

ನಿರ್ಮಾಪಕ ಮಹಾಶಯರೇ, ಗುಂಡಿನ ಸದ್ದಿಗೆ ಭಾಷೆಯಿಲ್ಲ. ಅದನ್ನು ನಮ್ಮ ಮಕ್ಕಳು ಯಾವ ಚಿತ್ರದಲ್ಲಾದರೂ ಕೇಳಬಲ್ಲರು. ಕನ್ನಡವನ್ನಾದರೋ ನೀವೇ ಕೇಳಿಸಬೇಕು.